ಹಳೇ ಸಿಸಿಟಿವಿ ಬದಲಿಸುವ ಮುನ್ನ: ವೈರ್ ಉಳಿಸಿಕೊಳ್ಳಬೇಕೋ, ಎಲ್ಲ ಕಿತ್ತು ಹಾಕಬೇಕೋ?

2012–2016ರ ಆಸುಪಾಸಿನಲ್ಲಿ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), ಒಂದು ಹಾರ್ಡ್ ಡಿಸ್ಕ್ ಎಂದು ಪ್ಯಾಕೇಜ್ ಲೆಕ್ಕದಲ್ಲಿ ಸಿಸಿಟಿವಿ ಹಾಕಿಸಿಕೊಂಡ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅವು ಈಗ ಒಂದೊಂದಾಗಿ ಕೈಕೊಡುತ್ತಿವೆ. ಗೇಟಿನ ಕ್ಯಾಮೆರಾ ರಾತ್ರಿ ಬೂದುಬಣ್ಣದ ಮಬ್ಬು ಬಿಟ್ಟು ಬೇರೇನೂ ತೋರಿಸುವುದಿಲ್ಲ. ಹಿತ್ತಲಿನದು ಆಗಾಗ 'ವಿಡಿಯೋ ಲಾಸ್' ಎನ್ನುತ್ತದೆ. ಮೊಬೈಲ್ ಆ್ಯಪ್ ಯಾವತ್ತೋ ನಿಂತುಹೋಗಿದೆ. ಅಂಗಡಿಯಲ್ಲಿ ಕೇಳಿದರೆ 'ಅನಲಾಗ್ ಎಲ್ಲ ಔಟ್‌ಡೇಟೆಡ್ ಸಾರ್, ಫುಲ್ ಐಪಿ ಹಾಕ್ಸಿಬಿಡಿ' ಎನ್ನುತ್ತಾರೆ, ಅಂದರೆ ಹಳೇ ವೈರ್ ಬಿಟ್ಟು ಕಂಪ್ಯೂಟರ್ ನೆಟ್‌ವರ್ಕ್ ಕೇಬಲಿನಲ್ಲಿ ಓಡುವ ಕ್ಯಾಮೆರಾ. ಮನೆಯ ಹುಡುಗರನ್ನು ಕೇಳಿದರೆ 'ಆನ್‌ಲೈನಲ್ಲಿ ವೈಫೈ ಕ್ಯಾಮೆರಾ ತಗೊಂಡ್ರಾಯ್ತು, ವೈರೇ ಬೇಡ' ಎನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆ ಸ್ವಂತದ್ದು, ಗೋಡೆಯೊಳಗಿನ ವೈರ್ ಚೆನ್ನಾಗಿದೆ ಎಂದಾದರೆ ಈ ಎರಡೂ ಬೇಡ. ಹಳೇ ವೈರಿಗೇ ಹೊಸ ರೆಕಾರ್ಡರ್, ಹೊಸ ಕ್ಯಾಮೆರಾ ಹಾಕಿಸಿ, ಉಳಿದ ದುಡ್ಡಲ್ಲಿ ಗೇಟಿಗೆ ಒಂದು ಒಳ್ಳೆಯ ಕ್ಯಾಮೆರಾ ತನ್ನಿ. ಈ ಮಾತು ಅನ್ವಯಿಸದ ಮನೆಗಳೂ ಇವೆ, ಅದನ್ನು ಮುಂದೆ ಹೇಳುತ್ತೇನೆ.

ಕೆಟ್ಟಿರುವುದು ಯಾವುದು?

ಬಹಳಷ್ಟು ಸಲ ಸತ್ತಿರುವುದು ಕ್ಯಾಮೆರಾ ಆಗಿರುವುದಿಲ್ಲ. ಹಗಲು ಚೆನ್ನಾಗಿದ್ದು ಕತ್ತಲಾಗುತ್ತಿದ್ದಂತೆ ಚಿತ್ರ ನಡುಗಿದರೆ, ಗೆರೆ ಬಂದರೆ, ಮಾಯವಾದರೆ ಮೊದಲ ಅನುಮಾನ ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಮೇಲೆ ಇರಲಿ. ರಾತ್ರಿ ಕಣ್ಣಿಗೆ ಕಾಣದ ಬೆಳಕಿನ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿಗಳು ಹೊತ್ತಿಕೊಂಡಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ. ಸೊರಗಿದ ಎಸ್‌ಎಂಪಿಎಸ್ 12 ವೋಲ್ಟ್ ಕೊಡಲಾಗದೆ ಕುಸಿಯುತ್ತದೆ. ಡಿವಿಆರ್ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ ಹಾರ್ಡ್ ಡಿಸ್ಕ್ ಹೋಗಿರುವ ಸಾಧ್ಯತೆ ಹೆಚ್ಚು. ಲೈವ್ ಬರುತ್ತಿರುವುದರಿಂದ ಎಲ್ಲ ಸರಿಯಿದೆ ಎಂದುಕೊಂಡವರಿಗೆ ಬೇಕಾದ ದಿನ ಪ್ಲೇಬ್ಯಾಕ್‌ನಲ್ಲಿ ಏನೂ ಸಿಗುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು 2000ನೇ ಇಸವಿಗೆ ಹೋಗುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಅಷ್ಟೆ. ರಾತ್ರಿ ಮಬ್ಬಿಗೆ ಎಷ್ಟೋ ಸಲ ಕಾರಣ ಲೆನ್ಸ್ ಮುಂದಿನ ಜೇಡರ ಬಲೆ. ಐಆರ್ ಬೆಳಕು ಅದಕ್ಕೆ ತಾಗಿ ವಾಪಸ್ ಬಂದು ಇಡೀ ಚಿತ್ರ ಬೆಳ್ಳಗಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಹೀಗೆ ರಿಪೇರಿ ಮಾಡಿಸಿ ಇನ್ನೆರಡು ವರ್ಷ ಓಡಿಸಬಹುದು. ಆದರೆ ಎರಡು ಕೊರತೆಗೆ ರಿಪೇರಿಯಿಲ್ಲ. ಒಂದು ಚಿತ್ರದ ಗಾತ್ರ. ಆ ಕಾಲದ ಡಿವಿಆರ್‌ಗಳು ಹೆಚ್ಚಾಗಿ 704×576 ಅಥವಾ 960×576 ಪಿಕ್ಸೆಲ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದವು. ಇವತ್ತಿನ ಸಾಮಾನ್ಯ 2 ಎಂಪಿ (ಮೆಗಾಪಿಕ್ಸೆಲ್) ಕ್ಯಾಮೆರಾ 1920×1080 ಕೊಡುತ್ತದೆ, ಹೆಚ್ಚುಕಡಿಮೆ ನಾಲ್ಕೈದು ಪಟ್ಟು. ಇನ್ನೊಂದು ಇಂಟರ್‌ನೆಟ್. ಹಳೇ ಡಿವಿಆರ್‌ಗಳ ವೆಬ್ ಪುಟ ತೆರೆಯಲು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬೇಕಿತ್ತು, ಅದನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿಲ್ಲಿಸಿತು. ರೂಟರ್‌ನಲ್ಲಿ ಹೊರಗಿನಿಂದ ಒಳಬರಲು ದಾರಿ ತೆರೆದು (ಪೋರ್ಟ್ ಫಾರ್ವರ್ಡ್ ಮಾಡಿ) ನೋಡುತ್ತಿದ್ದವರಿಗೂ ಕಷ್ಟ. ಈಗಿನ ಎಷ್ಟೋ ಫೈಬರ್ ಕನೆಕ್ಷನ್‌ಗಳಲ್ಲಿ ಒಂದೇ ಪಬ್ಲಿಕ್ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನಿಂದ ನೇರ ಒಳಬರಲು ದಾರಿಯೇ ಇರುವುದಿಲ್ಲ. ಈ ಎರಡರಲ್ಲಿ ಒಂದು ನಿಮ್ಮನ್ನು ಕಾಡುತ್ತಿದ್ದರೂ ಬದಲಿಸುವ ಕಾಲ ಬಂದಿದೆ ಎಂದೇ ಲೆಕ್ಕ.

ಮೆಗಾಪಿಕ್ಸೆಲ್ ಕೇಳುವ ಮೊದಲು ಲೆನ್ಸ್ ಕೇಳಿ

ಎಲ್ಲರೂ ಕೇಳುವುದು '2 ಎಂಪಿನಾ, 5 ಎಂಪಿನಾ?' ಎಂದು. ಕೇಳಬೇಕಾದ್ದು 'ಎಷ್ಟು ಎಂಎಂ ಲೆನ್ಸ್?' ಎಂದು. ನಾಳೆ ಏನಾದರೂ ಆದರೆ ನಿಮಗೆ ಬೇಕಾಗುವುದು 'ಯಾರೋ ಬಂದರು' ಎನ್ನುವ ಚಿತ್ರವೋ, ಬಂದವನ ಮುಖವೋ ಎನ್ನುವುದು ಈ ಪ್ರಶ್ನೆಯ ಮೇಲೆ ನಿಂತಿದೆ.

ಕ್ಯಾಮೆರಾ ಕ್ಷೇತ್ರದಲ್ಲಿ ಇದಕ್ಕೆ ಒಂದು ಅಳತೆಯಿದೆ. ನಿಂತ ಜಾಗದ ಒಂದು ಮೀಟರ್ ಅಗಲ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಆಗುತ್ತದೆ ಎನ್ನುವ ಲೆಕ್ಕ. 25 ಪಿಕ್ಸೆಲ್ ಇದ್ದರೆ ಮನುಷ್ಯನಿದ್ದಾನೆ ಎಂದು ಗೊತ್ತಾಗುತ್ತದೆ. 125 ಇದ್ದರೆ ಪರಿಚಯದವರನ್ನು ಗುರುತು ಹಿಡಿಯಬಹುದು. ಅಪರಿಚಿತನ ಮುಖ ನೋಡಿ ಇವನೇ ಎಂದು ಖಚಿತವಾಗಿ ಹೇಳಲು 250 ಬೇಕು. ಈಗ ಲೆಕ್ಕ ಹಾಕಿ. ಅಂಗಡಿಯವರು ಕೇಳದೆಯೇ ಕೊಡುವ 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. 2 ಎಂಪಿ ಕ್ಯಾಮೆರಾದಲ್ಲಿ ಆ 250 ಪಿಕ್ಸೆಲ್ ಸಿಗುವುದು ಸುಮಾರು 10 ಅಡಿಯವರೆಗೆ ಮಾತ್ರ. ಅದನ್ನೇ 5 ಎಂಪಿ ಮಾಡಿದರೆ 14 ಅಡಿಗೆ ಹೋಗುತ್ತದೆ. 2 ಎಂಪಿಯಲ್ಲೇ ಇದ್ದು ಲೆನ್ಸನ್ನು 6 ಎಂಎಂ ಮಾಡಿದರೆ? 25 ಅಡಿ! ನೋಟದ ಅಗಲ ಅರ್ಧಕ್ಕಿಳಿಯುತ್ತದೆ ನಿಜ, ಆದರೆ ಗೇಟಿಗೆ ಬೇಕಾಗಿರುವುದು ಗೇಟು ಮಾತ್ರ, ಎದುರು ಮನೆಯ ಕಾಂಪೌಂಡ್ ಅಲ್ಲ.

30×40 ಸೈಟಿನ ಮನೆಯಲ್ಲಿ ಪೋರ್ಟಿಕೋದಿಂದ ಗೇಟಿಗೆ 10 ಅಡಿಯೂ ಇರುವುದಿಲ್ಲ, ಅಲ್ಲಿ 2.8 ಎಂಎಂ ಸಾಕು. ದೊಡ್ಡ ಅಂಗಳದ ಹಳ್ಳಿ ಮನೆ, ಮುಂದೆ ಕಾರ್ ನಿಲ್ಲುವಷ್ಟು ಜಾಗ ಬಿಟ್ಟ ಮನೆ ಎಂದಾದರೆ ಗೇಟಿಗೆ 6 ಎಂಎಂ ಲೆನ್ಸ್ ಇರಲಿ, ಇಲ್ಲವೇ ಜೂಮ್ ಹೊಂದಿಸಿಕೊಳ್ಳಬಹುದಾದ ವೇರಿಫೋಕಲ್ ಕ್ಯಾಮೆರಾ ಹಠ ಹಿಡಿದು ತರಿಸಿ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಎನ್ನುತ್ತಾರೆ. ಎರಡು ದಿನ ಕಾಯಿರಿ.

ಎತ್ತರವೂ ಮುಖ್ಯ. ಕಳ್ಳರ ಕೈಗೆ ಸಿಗಬಾರದು ಎಂದು ಮೊದಲ ಮಹಡಿಯ ಪ್ಯಾರಾಪೆಟ್‌ಗೆ ಏರಿಸಿದ ಕ್ಯಾಮೆರಾ ತೋರಿಸುವುದು ಟೋಪಿ, ಹೆಲ್ಮೆಟ್, ನೆತ್ತಿ. ಒಂದನ್ನಾದರೂ ಎಂಟು–ಒಂಬತ್ತು ಅಡಿ ಎತ್ತರದಲ್ಲಿ, ಮುಖಕ್ಕೆ ಎದುರಾಗಿ ಇಡಿ.

ರಾತ್ರಿಯ ಮಾತು ಬೇರೆ. ಅಷ್ಟೇ ದೊಡ್ಡ ಸೆನ್ಸರ್ ಮೇಲೆ ಪಿಕ್ಸೆಲ್ ಸಂಖ್ಯೆ ಹೆಚ್ಚಾದರೆ ಒಂದೊಂದು ಪಿಕ್ಸೆಲ್‌ಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಹಾಗಾಗಿ ಅಗ್ಗದ 5 ಎಂಪಿಗಿಂತ ಒಳ್ಳೆಯ 2 ಎಂಪಿ ಕತ್ತಲಲ್ಲಿ ಚೆನ್ನಾಗಿರುವುದುಂಟು. ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳು ಈಗ ಎಲ್ಲ ಬ್ರ್ಯಾಂಡಿನಲ್ಲೂ ಇವೆ. ಬೀದಿ ದೀಪ ಇದ್ದರೆ ಅದರಲ್ಲೇ ಸುಧಾರಿಸಿಕೊಳ್ಳುತ್ತವೆ, ಇಲ್ಲದಿದ್ದರೆ ತಮ್ಮದೇ ಬಿಳಿ ಎಲ್‌ಇಡಿ ಹೊತ್ತಿಸುತ್ತವೆ. ರಾತ್ರಿಯಿಡೀ ಉರಿಯುವ ಆ ದೀಪ ಹುಳ ಕರೆಯುತ್ತದೆ, ಎದುರು ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಐಆರ್‌ನಲ್ಲಿದ್ದು, ಮನುಷ್ಯರು ಬಂದಾಗ ಮಾತ್ರ ಬಿಳಿ ದೀಪ ಹಾಕುವ ಡ್ಯುಯಲ್ ಲೈಟ್ ಮಾದರಿ ನನಗೆ ಇಷ್ಟ. ಸರಿರಾತ್ರಿ ದಿಢೀರನೆ ಮುಖದ ಮೇಲೆ ಬೆಳಕು ಬಿದ್ದರೆ ಬಂದವನು ತಲೆಯೆತ್ತಿ ಕ್ಯಾಮೆರಾ ಕಡೆಗೇ ನೋಡುತ್ತಾನೆ.

ಹಳೇ ವೈರ್, ಹೊಸ ಕ್ಯಾಮೆರಾ

ನಿಮ್ಮ ಗೋಡೆಯಲ್ಲಿರುವುದು ಬಹುಪಾಲು '3+1' ಕೇಬಲ್. ಚಿತ್ರಕ್ಕೆ ಟಿವಿ ಕೇಬಲಿನಂಥ ಒಂದು ಕೋಆಕ್ಸಿಯಲ್, ಜೊತೆಗೆ ಕರೆಂಟಿಗೆ ಮೂರು ಸಣ್ಣ ವೈರ್. 'ಅನಲಾಗ್ ವೈರಿನಲ್ಲಿ ಎಚ್‌ಡಿ ಬರಲ್ಲ' ಎನ್ನುವ ಮಾತು ಹಳತಾಯಿತು. ಎಚ್‌ಡಿ-ಸಿವಿಐ, ಎಚ್‌ಡಿ-ಟಿವಿಐ, ಎಎಚ್‌ಡಿ ಎಂಬ ತಂತ್ರಗಳು ಬಂದ ಮೇಲೆ ಇದೇ ಕೋಆಕ್ಸಿಯಲ್‌ನಲ್ಲಿ 1080ಪಿ, ಅಂದರೆ 1920×1080 ಚಿತ್ರ ಸಲೀಸಾಗಿ ಬರುತ್ತದೆ. ಮನೆಯೊಳಗಿನ 20–30 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಈಗಿನ 'ಐದರಲ್ಲಿ ಒಂದು' ರೆಕಾರ್ಡರ್‌ಗಳು, ಅಂದರೆ ಎಕ್ಸ್‌ವಿಆರ್‌ಗಳು, ಈ ಮೂರನ್ನೂ ಹಳೇ ಅನಲಾಗನ್ನೂ ಐಪಿಯನ್ನೂ ಒಪ್ಪಿಕೊಳ್ಳುತ್ತವೆ.

ಇದರ ದೊಡ್ಡ ಲಾಭ ಕಂತಿನಲ್ಲಿ ಕೆಲಸ ಮಾಡಿಸಬಹುದು ಎನ್ನುವುದು. ಈ ತಿಂಗಳು ರೆಕಾರ್ಡರ್ ಮತ್ತು ಗೇಟಿನ ಕ್ಯಾಮೆರಾ. ಹಿತ್ತಲು, ಟೆರೇಸಿನವು ಹಳೆಯವೇ ಓಡಲಿ, ದುಡ್ಡಾದಾಗ ಬದಲಿಸಿದರಾಯಿತು. ಮುಂದೆ ಔಟ್‌ಹೌಸಿಗೆ ಒಂದು ಐಪಿ ಕ್ಯಾಮೆರಾ ಬೇಕೆಂದರೆ ಅದೂ ಇದೇ ರೆಕಾರ್ಡರ್‌ಗೆ ಬರುತ್ತದೆ.

ಆದರೆ ವೈರ್ ಪರೀಕ್ಷಿಸದೆ ಒಪ್ಪಬೇಡಿ. ಹೊಸ ಕ್ಯಾಮೆರಾ, ಹೊಸ ರೆಕಾರ್ಡರ್ ತಂದು ಹಳೇ ವೈರಿನ ಎರಡು ತುದಿಗೆ ಸಿಕ್ಕಿಸಿ ತೋರಿಸಿ ಎಂದು ಟೆಕ್ನಿಷಿಯನ್‌ಗೆ ಹೇಳಿ. ಹೊರಗಡೆಯ ಬಿಎನ್‌ಸಿ ಕನೆಕ್ಟರುಗಳು ಕಿಲುಬು ಹಿಡಿದಿರುತ್ತವೆ, ಅವನ್ನು ಕತ್ತರಿಸಿ ಹೊಸದು ಹಾಕುವುದು ಹೇಗೂ ಇರಲಿ. ಕತ್ತರಿಸಿದಾಗ ಒಳಗಿನ ತಂತಿ ಕೆರೆದು ನೋಡಿ. ಉದ್ದಕ್ಕೂ ಕೆಂಪಗಿದ್ದರೆ ತಾಮ್ರ, ಮೇಲೆ ಕೆಂಪು ಒಳಗೆ ಬಿಳಿಯಿದ್ದರೆ ತಾಮ್ರದ ಲೇಪದ ಅಲ್ಯೂಮಿನಿಯಂ. ಎರಡನೆಯದಾದರೆ ದೂರದ ಕ್ಯಾಮೆರಾಗೆ ವೋಲ್ಟೇಜ್ ಇಳಿಯುತ್ತದೆ. ರಾತ್ರಿ ದೀಪ ಹೊತ್ತಿದಾಗ ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು 12ರ ಹತ್ತಿರ ಇದೆಯೇ ನೋಡಿ. ಬಿಳಿ ದೀಪದ ಕ್ಯಾಮೆರಾ ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ ಎಸ್‌ಎಂಪಿಎಸ್ ಅನ್ನು ಹೊಸದಾಗಿಯೇ ಹಾಕಿಸಿ. ಅಲ್ಲಿ ಉಳಿತಾಯ ಬೇಡ.

ಕೊಳ್ಳುವಾಗ ಇನ್ನೊಂದು ಎಚ್ಚರ. ರೆಕಾರ್ಡರ್ ಡಬ್ಬಿಯ ಮೇಲೆ '1080ಎನ್' ಅಥವಾ '1080ಪಿ ಲೈಟ್' ಎಂದಿದ್ದರೆ ಅದು ಪೂರ್ತಿ 1080ಪಿ ಅಲ್ಲ. ರೆಕಾರ್ಡ್ ಆಗುವುದು 960×1080, ಅಡ್ಡಗಲದಲ್ಲಿ ಅರ್ಧ ಪಿಕ್ಸೆಲ್ ಹೋಗಿರುತ್ತದೆ. ಕ್ಯಾಮೆರಾ 2 ಎಂಪಿ ಎಂದು ಬಿಲ್ಲಿನಲ್ಲಿರುತ್ತದೆ, ರೆಕಾರ್ಡರ್ ಒಂದನ್ನು ನುಂಗಿರುತ್ತದೆ. ಮುಖ ಗುರುತಿಸಲು ನಾವು ಹಾಕಿದ ಲೆಕ್ಕವೆಲ್ಲ ಇಲ್ಲಿ ಅರ್ಧಕ್ಕೆ ಬೀಳುತ್ತದೆ. '5 ಎಂಪಿ ಲೈಟ್' ಎಂಬುದಕ್ಕೂ ಇದೇ ಮಾತು. ಎಲ್ಲ ಚಾನೆಲ್‌ನಲ್ಲೂ ಪೂರ್ತಿ 1080ಪಿ, ವಿಡಿಯೋವನ್ನು ಕಡಿಮೆ ಜಾಗದಲ್ಲಿ ಹಿಡಿಸುವ ಎಚ್.265 ಇರಬೇಕು ಎಂದು ಬಾಯಿಬಿಟ್ಟು ಕೇಳಿ.

ಐಪಿ ಯಾರಿಗೆ?

ಹೊಸ ಮನೆ ಕಟ್ಟುವವರು, ಹಳೇ ಮನೆಗೆ ಹೇಗೂ ಪೇಂಟ್, ವೈರಿಂಗ್ ಮಾಡಿಸುತ್ತಿರುವವರು, ಎಂಟಕ್ಕಿಂತ ಹೆಚ್ಚು ಕ್ಯಾಮೆರಾ ಬೇಕಾದವರು ಕಣ್ಣುಮುಚ್ಚಿ ಐಪಿಗೆ ಹೋಗಬಹುದು. ಒಂದೇ ಕ್ಯಾಟ್ 6 ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರವೂ ಕರೆಂಟೂ ಹೋಗುತ್ತದೆ, ಆ ಕೇಬಲ್‌ಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್‌ಗೆ ಯುಪಿಎಸ್ ಕೊಟ್ಟರೆ ಎಲ್ಲ ಕ್ಯಾಮೆರಾಗೂ ಬ್ಯಾಕಪ್ ಕೊಟ್ಟಂತೆ. ಮನುಷ್ಯ, ವಾಹನ, ನಾಯಿ, ಗಾಳಿಗೆ ಅಲ್ಲಾಡುವ ತೆಂಗಿನ ಗರಿ ಇವುಗಳ ವ್ಯತ್ಯಾಸ ತಿಳಿಯುವ ಕೆಲಸ ಕ್ಯಾಮೆರಾದಲ್ಲೇ ಆಗುತ್ತದೆ, ಮೊಬೈಲಿಗೆ ಸುಳ್ಳು ಅಲಾರಂ ಕಡಿಮೆ. ಓಎನ್‌ವಿಐಎಫ್ ಎಂಬ ಸಾಮಾನ್ಯ ಒಪ್ಪಂದವನ್ನು ಪಾಲಿಸುವ ಕ್ಯಾಮೆರಾ, ಎನ್‌ವಿಆರ್ (ಐಪಿ ಕ್ಯಾಮೆರಾಗಳ ರೆಕಾರ್ಡರ್) ತೆಗೆದುಕೊಂಡರೆ ಒಂದೇ ಬ್ರ್ಯಾಂಡಿಗೆ ಗಂಟು ಬೀಳಬೇಕಿಲ್ಲ.

ಮುಗಿದ ಮನೆಯಲ್ಲಿ ಖರ್ಚು ಕ್ಯಾಮೆರಾದ್ದಲ್ಲ, ಕೇಬಲ್ ಎಳೆಯುವುದರದು. ಗೋಡೆಯೊಳಗೆ ಪೈಪ್ ಇದ್ದರೆ ಅದೃಷ್ಟ: ಹಳೇ ವೈರಿನ ತುದಿಗೇ ಕ್ಯಾಟ್ 6 ಕಟ್ಟಿ ಆ ಕಡೆಯಿಂದ ಎಳೆದುಕೊಳ್ಳಬಹುದು. ಪೈಪಿಲ್ಲದೆ ಗಾರೆಯಲ್ಲಿ ಮುಚ್ಚಿದ್ದರೆ ಗೋಡೆ ಕೊರೆಯಬೇಕು, ಇಲ್ಲವೇ ಹೊರಗೋಡೆಯ ಮೇಲೆ ಪಟ್ಟಿ ಹೊಡೆಯಬೇಕು. ಕೇಬಲ್ ಪೂರ್ತಿ ತಾಮ್ರದ್ದೇ ಆಗಿರಲಿ, ಒಂದು ಎಳೆ 100 ಮೀಟರ್ ದಾಟಬಾರದು. ಕರಾವಳಿಯವರು ಹೊರಗಿನ ಪ್ರತಿ ಜೋಡಣೆಯನ್ನೂ ನೀರು ಹೋಗದ ಡಬ್ಬಿಯೊಳಗೆ ಇಡಲೇಬೇಕು. ಉಪ್ಪುಗಾಳಿಗೆ ನೆಟ್‌ವರ್ಕ್ ಕೇಬಲ್ ತುದಿಯ ಆರ್‌ಜೆ 45 ಪಿನ್ ಬಹಳ ಬೇಗ ಕೆಡುತ್ತದೆ.

ವೈಫೈ ಕ್ಯಾಮೆರಾ

ಬಾಡಿಗೆ ಮನೆ, ಫ್ಲ್ಯಾಟಿನ ಬಾಗಿಲು, ಹಾಲಿನಲ್ಲಿ ಒಂದು – ಇದಕ್ಕೆಲ್ಲ ಇದಕ್ಕಿಂತ ಅಗ್ಗದ, ಸುಲಭದ ದಾರಿಯಿಲ್ಲ. ನನ್ನ ತಕರಾರು ಇದನ್ನು ಗೇಟಿಗೆ ಹಾಕುವುದಕ್ಕೆ. ವೈರ್‌ಲೆಸ್ ಎಂದರೂ, ಬ್ಯಾಟರಿಯವನ್ನು ಬಿಟ್ಟರೆ, ಕರೆಂಟಿನ ವೈರ್ ಬೇಕೇ ಬೇಕು. ಅಗ್ಗದವು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ, ಸೈಜುಗಲ್ಲಿನ ಗೋಡೆಯೋ ಆರ್‌ಸಿಸಿಯೋ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೋತಿರುತ್ತದೆ. ರೆಕಾರ್ಡಿಂಗ್ ಇರುವುದು ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ. ಕ್ಯಾಮೆರಾ ಕಿತ್ತುಕೊಂಡು ಹೋದವನು ಸಾಕ್ಷಿಯನ್ನೂ ಜೇಬಿಗೆ ಹಾಕಿಕೊಂಡಂತೆ. ಕ್ಲೌಡ್ ಬೇಕೆಂದರೆ ತಿಂಗಳ ಬಾಡಿಗೆ, ನಾಲ್ಕು ಕ್ಯಾಮೆರಾಗೆ ಎರಡು ಮೂರು ವರ್ಷ ಕಟ್ಟಿದರೆ ಒಂದು ರೆಕಾರ್ಡರ್‌ನ ದುಡ್ಡು ಹೋಗಿರುತ್ತದೆ. ಬ್ಯಾಟರಿಯ ಕ್ಯಾಮೆರಾಗಳು ಮಲಗಿದ್ದು, ಚಲನೆ ಕಂಡಾಗ ಏಳುತ್ತವೆ. ಏಳುವಷ್ಟರಲ್ಲಿ ಮೊದಲ ಒಂದೆರಡು ಸೆಕೆಂಡ್ ಹೋಗಿರುತ್ತದೆ, ಬೈಕಿನಲ್ಲಿ ಬಂದವನೂ ಹೋಗಿರುತ್ತಾನೆ.

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಊರಲ್ಲಿರುವ ಅಪ್ಪ-ಅಮ್ಮನ ಮನೆಗೆ ಹಾಕಿಸುವುದು ಹೆಚ್ಚಾಗಿ ಇವನ್ನೇ. ಹಾಕಿಸಿ, ಆದರೆ ಕೇಳಿ ಹಾಕಿಸಿ. ಅಡುಗೆಮನೆ, ಮಲಗುವ ಕೋಣೆಯ ಕಡೆ ತಿರುಗಿಸಬೇಡಿ. ಅಣ್ಣತಮ್ಮಂದಿರು ಕೂಡಿರುವ ಮನೆಗಳಲ್ಲಿ ಇದು ಜಗಳದ ವಿಷಯವೂ ಹೌದು. ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವುದು ಅವರ ಖಾಸಗಿತನದ ಉಲ್ಲಂಘನೆ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿದೆ.

ತೋಟಕ್ಕೆ, ಅಡಿಕೆ ಒಣಗಿಸುವ ಅಂಗಳಕ್ಕೆ ಸಿಮ್ ಹಾಕುವ 4ಜಿ ಸೋಲಾರ್ ಕ್ಯಾಮೆರಾ ಬಂದಿವೆ. ವೈರೂ ವೈಫೈಯೂ ಇಲ್ಲದ ಕಡೆ ಬೇರೆ ಉಪಾಯವಿಲ್ಲ. ಮಲೆನಾಡಿನ ಆಷಾಢ-ಶ್ರಾವಣದಲ್ಲಿ ಸಣ್ಣ ಪ್ಯಾನೆಲ್ ಬ್ಯಾಟರಿ ತುಂಬಿಸುವುದಿಲ್ಲ ಎನ್ನುವುದನ್ನು ತಿಳಿದೇ ಕೊಳ್ಳಿ.

ಸಿಡಿಲು, ಕರೆಂಟು, ಹಾರ್ಡ್ ಡಿಸ್ಕ್

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮುಂಚಿನ ಸಿಡಿಲಿಗೆ ಡಿವಿಆರ್ ಸುಡುವುದು ಹೊಸ ಸುದ್ದಿಯಲ್ಲ. ಹೊರಗಿನ ತಾಮ್ರದ ವೈರಿನಲ್ಲಿ ಬಂದ ಹೊಡೆತ ರೆಕಾರ್ಡರ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೂ ಹೋಗುತ್ತದೆ. ಕೋಆಕ್ಸಿಯಲ್ ಆಗಲಿ ಕ್ಯಾಟ್ 6 ಆಗಲಿ ಈ ವಿಷಯದಲ್ಲಿ ಒಂದೇ. ವೈಫೈ ಕ್ಯಾಮೆರಾ ಸುಟ್ಟರೂ ರೂಟರ್‌ಗೆ ವಿಡಿಯೋ ವೈರಿನ ಹೊಡೆತ ಬರುವುದಿಲ್ಲ, ಅಷ್ಟರಮಟ್ಟಿಗೆ ಅದೇ ಮೇಲು. ಅಲ್ಲಿನವರು ಅರ್ಥಿಂಗ್ ಸರಿಮಾಡಿಸಿ, ದೂರದ ವೈರುಗಳಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಟಿವಿಯ ಎಚ್‌ಡಿಎಂಐ ಕೇಬಲನ್ನು ಬೇಕಾದಾಗ ಮಾತ್ರ ಸಿಕ್ಕಿಸುವುದು ಖರ್ಚಿಲ್ಲದ ಉಪಾಯ.

ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗಲೆಲ್ಲ ರೆಕಾರ್ಡರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ಹಿಂಭಾಗದ ಸ್ವಿಚ್ಚನ್ನು 'ಯುಪಿಎಸ್' ಕಡೆಗೆ ಹಾಕಿ ನೋಡಿ. ಬದಲಾಗುವ ವೇಗ ಹೆಚ್ಚುತ್ತದೆ. ರೂಟರ್ ಕೂಡ ಇನ್ವರ್ಟರ್ ಲೈನಿನಲ್ಲೇ ಇರಲಿ.

ಹಳೇ ಹಾರ್ಡ್ ಡಿಸ್ಕನ್ನು ಹೊಸ ರೆಕಾರ್ಡರ್‌ಗೆ ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನಿ. ಹಗಲುರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ತೆಗೆದುಕೊಳ್ಳಿ, ಕಂಪ್ಯೂಟರಿನದು ಅಲ್ಲ. ಲೆಕ್ಕ ಸುಲಭ: ಎಚ್.265ನಲ್ಲಿ 2 ಎಂಪಿ ಕ್ಯಾಮೆರಾಗೆ 2 ಎಂಬಿಪಿಎಸ್ ಹಿಡಿದರೆ ದಿನಕ್ಕೆ ಸುಮಾರು 22 ಜಿಬಿ. ನಾಲ್ಕು ಕ್ಯಾಮೆರಾಗೆ 1 ಟಿಬಿಯಲ್ಲಿ 11 ದಿನ, 2 ಟಿಬಿಯಲ್ಲಿ 23 ದಿನ. ಊರಿಗೆ, ಯಾತ್ರೆಗೆ ಎಂದು ಎರಡು ವಾರ ಬೀಗ ಹಾಕಿ ಹೋಗುವವರಾದರೆ 2 ಟಿಬಿ ಬೇಕು. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ, ಆದ್ದರಿಂದ ಏನಾದರೂ ನಡೆದ ದಿನವೇ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಕೋರ್ಟಿಗೆ ಹೋದರೆ ಫುಟೇಜ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವಂಥದ್ದು) ಕೇಳುತ್ತಾರೆ. ಹಿಂದೆ 65ಬಿ ಎನ್ನುತ್ತಿದ್ದುದೇ 2024ರ ಜುಲೈ 1ರಿಂದ ಹೀಗೆ ಬದಲಾಗಿದೆ. ರೆಕಾರ್ಡರ್‌ನ ಗಡಿಯಾರ ಅರ್ಧ ಗಂಟೆ ಹಿಂದಿದ್ದರೆ ಅಲ್ಲಿ ವಿವರಿಸುವ ಕಷ್ಟ ನಿಮ್ಮದು. ಇಂಟರ್‌ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿಸಿ.

ದುಡ್ಡು ಕೊಡುವ ಮುನ್ನ

2025ರ ಏಪ್ರಿಲ್ 9ರಿಂದ ದೇಶದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆಯ ನಿಯಮ ಕಡ್ಡಾಯವಾಗಿದೆ. ಆ ಪರೀಕ್ಷೆಗೆ ಸಂಬಂಧಿಸಿದ ಸರ್ಕಾರಿ ಸಂಸ್ಥೆ ಎಸ್‌ಟಿಕ್ಯೂಸಿ, ಆ ಹೆಸರು ಅಂಗಡಿಯವರಿಗೆ ಗೊತ್ತಿರುತ್ತದೆ. ಹಳೇ ಸ್ಟಾಕ್ ಎಂದು ಅರ್ಧ ಬೆಲೆಗೆ ಕೊಟ್ಟರೆ 'ಇದಕ್ಕೆ ಆ ಪರೀಕ್ಷೆ ಆಗಿದೆಯೇ?' ಎಂದು ಕೇಳಿ ನೋಡಿ. ನಿಯಮ ಸುಮ್ಮನೆ ಬಂದದ್ದಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಕೆಡವಿತ್ತು. ಅದೇ ಕಾಲದ ಡಿವಿಆರ್ ನಿಮ್ಮ ಮನೆಯಲ್ಲಿ ಇನ್ನೂ ಇಂಟರ್‌ನೆಟ್‌ಗೆ ಸಿಕ್ಕಿಕೊಂಡಿದ್ದರೆ, ಬದಲಿಸುವವರೆಗೆ ಆ ಕೇಬಲ್ ಕಿತ್ತಿಡಿ.

ಹೊಸದು ಹಾಕಿಸುವಾಗ ಆ್ಯಪ್‌ನಲ್ಲಿ ಮೊದಲು ಕ್ಯೂಆರ್ ಸ್ಕ್ಯಾನ್ ಆಗುವುದು ನಿಮ್ಮ ಮೊಬೈಲಿನಲ್ಲಿ, ನಿಮ್ಮ ಅಕೌಂಟಿನಲ್ಲಿ ಆಗಬೇಕು. ಟೆಕ್ನಿಷಿಯನ್ ಹುಡುಗ 'ಟೆಸ್ಟಿಂಗ್‌ಗೆ ಸಾರ್' ಎಂದು ತನ್ನ ಮೊಬೈಲಿಗೆ ಸೇರಿಸಿಕೊಂಡರೆ ಎಷ್ಟೋ ಬ್ರ್ಯಾಂಡುಗಳಲ್ಲಿ ಅವನೇ ಮಾಲೀಕನಾಗಿಬಿಡುತ್ತಾನೆ. ನೀವು ಅವನು ಹಂಚಿಕೊಟ್ಟಿದ್ದನ್ನು ನೋಡುವ ಅತಿಥಿ. ಅವನು ಕೆಲಸ ಬಿಟ್ಟು ಹೋದ ಮೇಲೆ ಬಿಡಿಸಿಕೊಳ್ಳಲು ಕಂಪನಿಗೆ ಬಿಲ್, ಸೀರಿಯಲ್ ನಂಬರ್ ಕಳಿಸುತ್ತಾ ಕೂರಬೇಕು. ಪಾಸ್‌ವರ್ಡನ್ನೂ ನೀವೇ ಟೈಪ್ ಮಾಡಿ, ಬರೆದಿಟ್ಟುಕೊಳ್ಳಿ. ರೆಕಾರ್ಡರ್ ಇಡುವ ಜಾಗ ಟಿವಿ ಕೆಳಗಿನ ಶೋಕೇಸ್ ಆಗದಿರಲಿ, ಬೀಗವಿರುವ ಬೀರುವೋ ಅಟ್ಟವೋ ಇರಲಿ, ಗಾಳಿಯಾಡುವಂತಿರಲಿ.

ಹಳೇ ಡಿವಿಆರ್‌ಗೆ ಎಕ್ಸ್‌ಚೇಂಜ್‌ನಲ್ಲಿ ಐನೂರೋ ಸಾವಿರವೋ ಕಡಿಮೆ ಮಾಡುತ್ತಾರೆ. ಕೊಡುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಕೆಟ್ಟಿದೆ ಎಂದು ಅವರು ಹೇಳಿದರೂ ನಿಮ್ಮ ಮನೆಯ ಹೋಗುಬರುವ ಹೊತ್ತು, ಬೀಗದ ಕೈ ಇಡುವ ಜಾಗ ಎಲ್ಲ ಅದರಲ್ಲಿ ಉಳಿದಿರಬಹುದು.